ತೊಂಬತ್ತಾರು ಮನೆಗಳ ದೊಡ್ಡಕ್ಕ

ಹೊಸ ಗೋಡೆ ನೀರು ಕುಡಿಯುವಾಗ ಒಂದು ಸದ್ದಾಗುತ್ತದೆ. ಎಲ್ಲರಿಗೂ ಕೇಳಿಸುವಂಥದ್ದಲ್ಲ ಅದು. ಕೊಡದ ನೀರನ್ನು ಮೇಲಿನಿಂದ ಸುರಿದು, ಕೊಡ ಕೆಳಗಿಟ್ಟು, ಉಸಿರು ಹಿಡಿದು ಕಿವಿಗೊಟ್ಟರೆ, ಬಿಸಿಲಲ್ಲಿ ದೂರದಿಂದ ನಡೆದು ಬಂದ ಕುರಿ ತೊಟ್ಟಿಗೆ ಬಾಯಿಟ್ಟಂತೆ ಗೋಡೆಯ ಒಳಗಿಂದ ಸಣ್ಣಗೆ ಚುರ್ ಚುರ್ ಅನ್ನುತ್ತದೆ. ದೊಡ್ಡಕ್ಕನಿಗೆ ಕೆಲಸಕ್ಕೆ ಬಂದ ಮೊದಲ ದಿನವೇ ಆ ಸದ್ದು ಕೇಳಿಸಿತ್ತು. ಮೇಸ್ತ್ರಿ ಮುರುಗೇಂದ್ರಪ್ಪನಿಗೆ ಹೇಳಿದಾಗ ಅವನು ಬೀಡಿ ಬಾಯಿಂದ ತೆಗೆದು, "ಇಪ್ಪತ್ತು ವರ್ಸ ಆತು ಕಟ್ಟಾಕ್ ಹಿಡಿದು, ನನಗೇ ಕೇಳಿಲ್ಲ. ನೀರು ಹಾಕವ್ವ ಸುಮ್ನೆ" ಎಂದು ನಕ್ಕುಬಿಟ್ಟಿದ್ದ.

ಎರಡು ಸಾವಿರದ ಒಂದನೇ ಇಸವಿ. ಚಳ್ಳಕೆರೆ ಪೇಟೆಯಿಂದ ಮೂರು ಮೈಲಿ ಆಚೆ, ನನ್ನಿವಾಳದ ದಾರಿಯ ಎಡಕ್ಕಿದ್ದ ಬಯಲಿನಲ್ಲಿ, ಮನೆಯಿಲ್ಲದ ಬಡವರಿಗೆಂದು ತೊಂಬತ್ತಾರು ಮನೆಗಳು ಏಳುತ್ತಿದ್ದವು. ಆರು ಸಾಲು, ಸಾಲಿಗೆ ಹದಿನಾರು. ಒಂದು ಕೋಣೆ, ಒಂದು ಅಡುಗೆಮೂಲೆ, ಹಿಂದೊಂದು ಬಚ್ಚಲು, ಮುಂದೆ ಎರಡು ಮೆಟ್ಟಿಲು. ಸಿಮೆಂಟಿನ ಗೋಡೆ ಎದ್ದ ಮೇಲೆ ಹತ್ತು ಹದಿನೈದು ದಿನ ಅದನ್ನು ಹಗಲೆಲ್ಲ ನೆನೆಸುತ್ತಲೇ ಇರಬೇಕು, ಇಲ್ಲದಿದ್ದರೆ ಬಿರುಕು ಬಿಡುತ್ತದೆ. ಟ್ಯಾಂಕರು ತಂದು ಡ್ರಮ್ಮಿಗೆ ಸುರಿದ ನೀರನ್ನು ಕೊಡದಲ್ಲಿ ಹೊತ್ತು ಗೋಡೆಗೋಡೆಗೂ ಉಣಿಸುವುದು ದೊಡ್ಡಕ್ಕನ ಕೆಲಸ. ಡ್ರಮ್ಮಿನ ಪಕ್ಕದಲ್ಲೇ ನೀಲಿ ತಾಡಪಾಲು ಕಟ್ಟಿಕೊಂಡು ಇದ್ದಳು. ಸಿಮೆಂಟು ಕಬ್ಬಿಣದ ಕಾವಲೂ ಅವಳದ್ದೇ ಆಯಿತು.

ಅವಳ ಊರು ನನ್ನಿವಾಳ. ಮಾವ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಪಾಲಾದಾಗ ಹಟ್ಟಿಯ ಗುಡಿಸಲು ಮೈದುನನ ಪಾಲಿಗೆ ಹೋಯಿತು, ಕುರಿ ಇವರ ಪಾಲಿಗೆ ಬಂದವು. ಗಂಡ ಪಾತಣ್ಣನಿಗೆ ಅದರಿಂದ ಒಂದಿಷ್ಟೂ ಬೇಜಾರಾಗಲಿಲ್ಲ. ವರ್ಷದಲ್ಲಿ ಎಂಟು ತಿಂಗಳು ಮಂದೆಯ ಹಿಂದೆ ಬಿ.ಜಿ. ಕೆರೆ, ಮೊಳಕಾಲ್ಮೂರು, ಅಲ್ಲಿಂದಾಚೆ ಆಂಧ್ರದ ಹೊಲಗಳು ಎಂದು ತಿರುಗುವವನಿಗೆ ಕಂಬಳಿ ಹಾಸಿದಲ್ಲೇ ಮನೆ. "ನಮಗೆ ಇಲ್ಲು, ಮನೆ ಅಂತ ಯಾತಕೇ, ನೆತ್ತಿ ಮೇಲೆ ಅಷ್ಟು ದೊಡ್ಡದು ಐತಲ್ಲ" ಎಂದು ಆಕಾಶ ತೋರಿಸಿ, ಕೋಲು ಹೆಗಲಿಗಿಟ್ಟು ಹೊರಟುಬಿಟ್ಟ. ದೊಡ್ಡಕ್ಕ ಚಳ್ಳಕೆರೆಯ ದಾರಿ ಹಿಡಿದಳು.

ಮಧ್ಯಾಹ್ನ ಬಿಸಿಲು ನೆಟ್ಟಗಾದಾಗ ಮೇಸ್ತ್ರಿಗಳು ಬೇವಿನ ಮರದ ಕೆಳಗೆ ಉರುಳುತ್ತಿದ್ದರು. ದೊಡ್ಡಕ್ಕ ಮಾತ್ರ ಅಂದು ನೆನೆಸಿದ ಮನೆಯೊಳಗೆ ಹೋಗಿ ಮಲಗುತ್ತಿದ್ದಳು. ಇನ್ನೂ ತಾರಸಿ ಬಿದ್ದಿರುತ್ತಿರಲಿಲ್ಲ. ನಾಲ್ಕು ಹಸಿ ಗೋಡೆಗಳ ನಡುವೆ ತಣ್ಣಗೆ ಕೊಳದ ತಳದಲ್ಲಿ ಮಲಗಿದಂತೆ. ಮೇಲೆ ಚೌಕವಾಗಿ ಕತ್ತರಿಸಿಟ್ಟ ನೀಲಿ. ಗಾಳಿ ಪೇಟೆಯ ಕಡೆಯಿಂದ ಬೀಸಿದರೆ ಎಣ್ಣೆ ಮಿಲ್ಲುಗಳಲ್ಲಿ ಶೇಂಗಾ ಹುರಿಯುವ ವಾಸನೆ ಗೋಡೆ ಹತ್ತಿ ಒಳಕ್ಕೆ ಇಳಿಯುತ್ತಿತ್ತು. ಅಲ್ಲಿ ಅವಳಿಗೆ ನಿದ್ದೆಯೋ ಎಚ್ಚರವೋ ತಿಳಿಯದ ಒಂದು ಸ್ಥಿತಿ ಬರುತ್ತಿತ್ತು. ಏಳನೇ ಮನೆಯಲ್ಲಿ ಮಲಗಿದಾಗ, ಸತ್ತುಹೋದ ಅವಳ ಅವ್ವ ಬಂದು ಅಡುಗೆಮೂಲೆಯಲ್ಲಿ ಕೂತು ಜೋಳದ ಹಿಟ್ಟು ನಾದಿದಳು, ಒಂದು ಮಾತೂ ಆಡಲಿಲ್ಲ, ಎದ್ದು ಹೋಗುವಾಗ ಕೈ ಗೋಡೆಗೆ ಒರೆಸಿದಳು. ಎಚ್ಚರಾದ ಮೇಲೆ ದೊಡ್ಡಕ್ಕ ಆ ಗೋಡೆಯನ್ನು ಸವರಿ ನೋಡಿದಳು. ಇಪ್ಪತ್ತೆರಡನೆಯದರಲ್ಲಿ ಮಳೆ ಒಂದು ಕಿಟಕಿಯಿಂದ ಒಳಗೆ ಬಂದು ಇನ್ನೊಂದರಿಂದ ಹೊರಗೆ ಹೋಯಿತು, ಅವಳು ಒದ್ದೆಯಾಗಲಿಲ್ಲ. ಮೂವತ್ತೊಂಬತ್ತನೆಯದು ತೇಲುತ್ತಿತ್ತು, ಬಾಗಿಲಲ್ಲಿ ನಿಂತರೆ ಕೆಳಗೆ ಮೊಳಕಾಲ್ಮೂರಿನ ಗುಡ್ಡಗಳು, ಗುಡ್ಡಗಳ ಸಂದಿಯಲ್ಲಿ ಹುರುಳಿಕಾಳಿನಷ್ಟು ಸಣ್ಣದಾಗಿ ಪಾತಣ್ಣನ ಮಂದೆ.

ಹೀಗೆ ಒಂದು ವರ್ಷದಲ್ಲಿ ತೊಂಬತ್ತಾರು ಮನೆಗಳಲ್ಲೂ ಒಂದೊಂದು ಮಧ್ಯಾಹ್ನ ಅವಳು ಮಲಗಿ ಎದ್ದಳು. ಯಾವುದರಲ್ಲಿ ಬೆಳಗಿನ ಬಿಸಿಲು ಹೊಸ್ತಿಲಿಗೆ ಬರುತ್ತದೆ, ಯಾವುದರ ಒಲೆ ಹೊಗೆ ಕಾರುತ್ತದೆ, ಯಾವ ಮೂಲೆಯಲ್ಲಿ ಮಾತಾಡಿದರೆ ಪಕ್ಕದ ಮನೆಗೆ ಕೇಳುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು.

ಇವುಗಳಲ್ಲಿ ಒಂದು ತನಗೂ ಸಿಗಬಾರದೇ ಎಂದು ಅವಳಿಗೆ ಅನ್ನಿಸದೆ ಇರಲಿಲ್ಲ. ಅರ್ಜಿ ಕೇಳಲು ಪೇಟೆಯ ಕಚೇರಿಗೆ ಹೋದಳು. ಗುಮಾಸ್ತ, "ಪೇಟೆ ರೇಷನ್ ಕಾರ್ಡು ಐತಾ? ಮೂರು ವರ್ಸದ್ದು?" ಎಂದ. ಇಲ್ಲ, ನನ್ನಿವಾಳದ್ದು ಎಂದಳು. "ಹಂಗಾದ್ರೆ ಅಲ್ಲೇ ಕೇಳವ್ವ." ನನ್ನಿವಾಳಕ್ಕೆ ಹೋದಳು. ಅಲ್ಲಿನ ಪಂಚಾಯ್ತಿಯ ಹಿರಿಯರು ಬೈಯಲಿಲ್ಲ, ಮಜ್ಜಿಗೆ ಕೊಟ್ಟು ಕೂರಿಸಿಯೇ ಹೇಳಿದರು: "ನೀವು ಈ ಊರಲ್ಲಿ ಇಲ್ಲವಲ್ಲ ತಾಯಿ. ಇದ್ದೋರ ಲಿಸ್ಟೇ ಉದ್ದ ಐತೆ. ಪೇಟೇಲಿ ಅದೀರ, ಪೇಟೇಲೇ ಕೇಳ್ರಿ." ವಾಪಸು ಬರುವ ಬಸ್ಸಿನಲ್ಲಿ ಕಿಟಕಿಗೆ ಹಣೆ ಆನಿಸಿ ಕೂತಾಗ ಅವಳಿಗೆ ಸಿಟ್ಟು ಬರಲಿಲ್ಲ, ವಿಚಿತ್ರವಾದ ಹಗುರ ಅನ್ನಿಸಿತು. ಪೇಟೆಯಲ್ಲೂ ಇಲ್ಲ, ಊರಲ್ಲೂ ಇಲ್ಲ. ಹಂಗಾದರೆ ಈ ಬಸ್ಸಿನಲ್ಲಿ ಕೂತಿರೋಳು ಯಾರು ಎಂದು ತನ್ನ ಕೈಯನ್ನೇ ತಿರುವಿ ತಿರುವಿ ನೋಡಿಕೊಂಡಳು.

ಯುಗಾದಿ ಕಳೆದ ಮೇಲೆ ಚೀಟಿ ಎತ್ತಿದರು. ಬಯಲಲ್ಲೇ ಶಾಮಿಯಾನ ಹಾಕಿ, ಸ್ಟೀಲಿನ ಕೊಡದಲ್ಲಿ ಚೀಟಿ ತುಂಬಿ, ಮೈಕಿನಲ್ಲಿ ಹೆಸರು ಕೂಗಿದರು. ಐನೂರು ಜನ ಬಂದಿದ್ದರು. ದೊಡ್ಡಕ್ಕ ನೀರಿನ ಡ್ರಮ್ಮಿನ ನೆರಳಲ್ಲಿ ಕೂತು ನೋಡುತ್ತಿದ್ದಳು. ಅವಳ ಪಕ್ಕದಲ್ಲಿ ಸಣಕಲು ಹೆಂಗಸೊಬ್ಬಳು ಗೋಣು ವಾಲಿಸಿ ತೂಕಡಿಸುತ್ತಿದ್ದಳು. ಸೀರೆಯಿಂದ ಎಣ್ಣೆ ಹಿಂಡಿಯ ವಾಸನೆ ಬರುತ್ತಿತ್ತು. ಮೈಕಿನಲ್ಲಿ "ಅರವತ್ತೊಂದನೇ ನಂಬರು, ನಿಂಗಕ್ಕ, ಗಂಡ ದಿವಂಗತ ಹನುಮಂತರಾಯ" ಎಂದು ಮೂರು ಸಲ ಕೂಗಿದರೂ ಯಾರೂ ಏಳಲಿಲ್ಲ. ದೊಡ್ಡಕ್ಕನಿಗೆ ಏನು ಅನ್ನಿಸಿತೋ, ಪಕ್ಕದವಳ ತೊಡೆ ತಟ್ಟಿ, "ಯವ್ವಾ, ನೀನು ನಿಂಗಕ್ಕನಾ?" ಎಂದಳು.

ಆಕೆ ಕಣ್ಣುಬಿಟ್ಟು, "ಹೂಂ, ಯಾಕೆ?" ಎಂದಳು.

"ನಿಂಗೆ ಮನೆ ಬಂತು. ಏಳು."

ನಿಂಗಕ್ಕ ಏಳಲಿಲ್ಲ. ನಿದ್ದೆಯಲ್ಲೇ ಇದ್ದೇನೆ ಅಂದುಕೊಂಡು ಮತ್ತೆ ಕಣ್ಣು ಮುಚ್ಚಿದಳು. ದೊಡ್ಡಕ್ಕ ರಟ್ಟೆ ಹಿಡಿದು ಎಬ್ಬಿಸಿ ನೂಕಬೇಕಾಯಿತು. ಕಾಗದ ಹಿಡಿದುಕೊಂಡು ವಾಪಸು ಬಂದವಳು, "ಯಾವುದಕ್ಕ ಅದು ಅರವತ್ತೊಂದು?" ಎಂದಾಗ, ದೊಡ್ಡಕ್ಕನೇ ನಾಲ್ಕನೇ ಸಾಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. "ಒಳ್ಳೇದು ಬಂದೈತೆ ನಿಂಗೆ. ಹಿಂದಿನ ಕಿಟಕೀಲಿ ಗಾಳಿ ಬರ್ತೈತೆ. ಸಂಜೆ ಹೊತ್ತು ಇಲ್ಲಿ ಕೂತ್ಕಂಡ್ರೆ ಎದ್ದು ಹೋಗಾಕ್ ಮನಸ್ಸೇ ಬರಲ್ಲ."

ಅಂದಿನಿಂದ ಇಬ್ಬರಿಗೂ ಸಲಿಗೆಯಾಯಿತು.

ಆದರೆ ಮನೆ ಸಿಕ್ಕವರೆಲ್ಲ ಬಂದು ಸೇರಲಿಲ್ಲ. ಪಂಪಿನ ಮೋಟಾರು ಕೆಟ್ಟು ನಲ್ಲಿಗಳಲ್ಲಿ ಗಾಳಿ ಮಾತ್ರ ಬರುತ್ತಿತ್ತು. ಬಸ್ಸು ದಿನಕ್ಕೆ ಎರಡು ಸಲ. ನಿಂಗಕ್ಕನಿಗೆ ಎಣ್ಣೆ ಮಿಲ್ಲಿನಲ್ಲಿ ಬೆಳಿಗ್ಗೆ ಆರಕ್ಕೇ ಕೆಲಸ. ಮೊದಲ ಬಸ್ಸು ಬರುವುದು ಎಂಟಕ್ಕೆ. ಅವಳು ಮಿಲ್ಲಿನ ಹಿಂದಿನ ಬಾಡಿಗೆ ಶೆಡ್ಡಿನಲ್ಲೇ ಉಳಿದು, ವಾರಕ್ಕೊಂದು ಸಲ ಬಂದು ಕಸ ಗುಡಿಸಿ, ಹೊಸ್ತಿಲಿಗೆ ಅರಿಶಿನ ಹಚ್ಚಿ, ಗೋಡೆಗೆ ಬೆನ್ನು ಕೊಟ್ಟು ಒಂದು ಗಳಿಗೆ ಕೂತು ಹೋಗುತ್ತಿದ್ದಳು. ಇನ್ನು ಕೆಲವರ ಕತೆ ಬೇರೆ. ಪೇಟೆಯಲ್ಲಿ ತಾರಸಿ ಮನೆಯೂ ಬಟ್ಟೆ ಅಂಗಡಿಯೂ ಇದ್ದ ಸೋಮಶೇಖರಪ್ಪನ ಕೈಗೆ ಹದಿನಾಲ್ಕು, ಹದಿನೈದು ಎರಡೂ ಬಂದಿದ್ದವು. ಒಂದು ಹೆಂಡತಿಯ ಹೆಸರಿಗೆ, ಇನ್ನೊಂದು ಅತ್ತೆಯ ಹೆಸರಿಗೆ. ಆ ಹೆಸರುಗಳು ಯಾವ ಬಾಗಿಲಿನಿಂದ ಕೊಡದೊಳಕ್ಕೆ ಹೋದವೋ ಯಾರಿಗೂ ತಿಳಿಯದು. ಎರಡಕ್ಕೂ ಗಟ್ಟಿ ಬೀಗ ಜಡಿದು ಹೋಗಿದ್ದ.

ಜನ ಬಾರದ ಸಾಲುಗಳ ನಡುವೆ ದೊಡ್ಡಕ್ಕ ಓಡಾಡುತ್ತಿದ್ದಳು. ಕಟ್ಟುವ ಕೆಲಸ ಮುಗಿದಿದ್ದರೂ, ಚಿಲ್ಲರೆ ರಿಪೇರಿ ಮುಗಿಯುವತನಕ ಕಾವಲಿಗೆ ಇರು ಎಂದು ಮುರುಗೇಂದ್ರಪ್ಪ ಹೇಳಿದ್ದ. ಆಷಾಢದ ಗಾಳಿಗೆ ಕೆಂಪು ಧೂಳು ಎದ್ದು ಸಾಲುಗಳ ಮಧ್ಯೆ ಹೊಳೆಯ ಹಾಗೆ ಹರಿಯುತ್ತಿತ್ತು, ಮನೆಗಳು ಅದರಲ್ಲಿ ಮೊಣಕಾಲುದ್ದ ಮುಳುಗಿ ನಿಂತಂತೆ ಕಾಣುತ್ತಿದ್ದವು. ಬೀಗ ಹಾಕಿದ ಮನೆಗಳ ಕಿಟಕಿಗಳಲ್ಲಿ ಇಣುಕಿದರೆ ತಾನು ಮಲಗಿದ್ದ ಜಾಗ ಕಾಣುತ್ತಿತ್ತು. ಒಮ್ಮೊಮ್ಮೆ ತಾನಿನ್ನೂ ಅಲ್ಲೇ ಮಲಗಿದ್ದೇನೆ, ಹೊರಗೆ ನಿಂತು ಇಣುಕುತ್ತಿರುವವಳು ಬೇರೆ ಯಾರೋ ಅನ್ನಿಸಿ ಬೇಗ ಕಣ್ಣು ಕಿತ್ತುಕೊಳ್ಳುತ್ತಿದ್ದಳು.

ಆ ದಿನಗಳಲ್ಲೇ ಪರಶುರಾಂಪುರಕ್ಕೆ ಕೊಟ್ಟ ಮಗಳು ಸ್ವಪ್ನಳ ಗಂಡ ಸುದ್ದಿ ಹಿಡಿದು ಬಂದ. ಐದು ತಿಂಗಳು. ಚೊಚ್ಚಲು. ಹೆರಿಗೆ, ಬಾಣಂತನ ತವರಲ್ಲಾಗಬೇಕು. ಅಳಿಯ ತಾಡಪಾಲಿನ ಗುಡಾರವನ್ನೂ ಅದರ ಮೇಲೆ ಹೇರಿದ ಕಲ್ಲುಗಳನ್ನೂ ನೋಡಿದ. ಚಹಾ ಕುಡಿದು, "ನಿಧಾನಕ್ಕೆ ಯೋಚ್ನೆ ಮಾಡತ್ತೆ" ಎಂದಷ್ಟೇ ಹೇಳಿ ಹೋದ. ದೊಡ್ಡಕ್ಕ ಸ್ವಪ್ನಳನ್ನು ಹೆತ್ತದ್ದು ಹಟ್ಟಿಯ ಬೇಲಿಯ ಹೊರಗೆ, ಸೊಪ್ಪು ಹೊದಿಸಿದ ಗೂಡಿನಲ್ಲಿ; ಅವರ ಹಟ್ಟಿಯಲ್ಲಿ ಬಾಣಂತಿ ಒಳಗಿರುವ ಪದ್ಧತಿ ಇರಲಿಲ್ಲ. ಗಾಳಿ ಬೀಸಿ ಸೊಪ್ಪು ಹಾರಿಹೋದಾಗ ಕೂಸಿನ ಮೇಲೆ ತಾನೇ ಬಗ್ಗಿ ಚಾವಣಿಯಾಗಿದ್ದಳು. ಆಗಿನ ಬೆನ್ನುನೋವು ಇವತ್ತಿಗೂ ಮೋಡ ಕವಿದಾಗ ಏಳುತ್ತದೆ. ಮಗಳಿಗೆ ಅದು ಬೇಡ. ನಾಲ್ಕು ಗೋಡೆ ಬೇಕು. ಆ ಯೋಚನೆ ಬಂದ ದಿನದಿಂದ ಅವಳ ಮಧ್ಯಾಹ್ನದ ನಿದ್ದೆ ಹೋಯಿತು.

ಭಾದ್ರಪದದಲ್ಲಿ ಒಂದು ಸಂಜೆ ಸೋಮಶೇಖರಪ್ಪ ಮೊಪೆಡ್ಡಿನಲ್ಲಿ ಬಂದ. ಅವಳ ಗುಡಾರದ ಮುಂದೆ ಕಲ್ಲಿನ ಮೇಲೆ ಕೂತ. ಎಂದೂ ಕೂತವನಲ್ಲ.

"ದೊಡ್ಡಕ್ಕ, ನಾಳೆ ತಪಾಸಣೆಗೆ ಬರ್ತಾರಂತೆ. ಬೀಗ ಹಾಕಿದ ಮನೆ ವಾಪಸ್ ತಗಂತಾರಂತೆ. ನಮ್ಮ ಮನೇರು ಇಲ್ಲಿ ಬಂದು ಕೂರಾಕ್ ಆಗಲ್ಲ, ನಿಂಗೇ ಗೊತ್ತಲ್ಲ. ಹದಿನಾಲ್ಕರಾಗೆ ಒಲೆ ಹಚ್ಚಿ ಕೂತಿರು. ನಮ್ಮ ಹೆಂಡ್ತಿ ಅಕ್ಕ ಅಂತ ಹೇಳು. ಅವರು ಆಚೆಗೆ ಹೋಗ್ತಿದ್ದಂಗೆ ಹಿತ್ತಲಾಗಿಂದ ಹದಿನೈದಕ್ಕೆ ಹೋಗಿ, ಸೆರಗು ಮುಖದ ತನಕ ಎಳಕಂಡು, ಅತ್ತೆ ಅಂತ ಹೇಳು. ಅಷ್ಟೇ."

ದೊಡ್ಡಕ್ಕ ಒಲೆಗೆ ಇನ್ನೊಂದು ಸೌದೆ ನೂಕಿದಳು.

"ನಿನ್ನ ಮಗಳ ಬಾಣಂತನ ಅಂತ ಮೇಸ್ತ್ರಿ ಹೇಳಿದ. ಹದಿನಾಲ್ಕರಾಗೇ ಮಾಡ್ಕೋ. ಮೂರು ತಿಂಗಳು, ನಾಲ್ಕು ತಿಂಗಳು, ಎಷ್ಟಾದ್ರೂ ಇರು. ಬಾಡಿಗೆ ಅನ್ನಂಗಿಲ್ಲ" ಎಂದು ಎರಡು ಬೀಗದ ಕೈ ಅವಳ ಮುಂದಿಟ್ಟ.

ಅವಳು ಬೀಗದ ಕೈ ಎತ್ತಿಕೊಂಡಳು. ಹದಿನಾಲ್ಕನೇ ಮನೆಯ ಮೂಡಣ ಮೂಲೆಯಲ್ಲಿ ಮಂಚ, ಮಂಚದ ಕೆಳಗೆ ಕೆಂಡದ ಬಾಣಲೆ, ಹಾಲುಗೆನ್ನೆಯ ಸ್ವಪ್ನ, ಎಲ್ಲವೂ ಎದುರಿಗಿದ್ದ ಧೂಳಿನಲ್ಲಿ ತಾವಾಗಿ ಮೂಡಿ ನಿಂತಿದ್ದವು. ಅವನು ಹೋಗಿ ಬಹಳ ಹೊತ್ತಾದರೂ ಅವು ಕರಗಲಿಲ್ಲ. ಹೊತ್ತು ಮುಳುಗುವ ಮುನ್ನ ನಿಂಗಕ್ಕನೂ ಮಿಲ್ಲಿನಿಂದ ಏದುಸಿರು ಬಿಡುತ್ತಾ ಬಂದಳು. "ನಾಳೆ ರಜೆ ಕೊಡಲ್ಲ ಅಂದ್ರು ಕಣಕ್ಕ. ನನ್ನ ಮನೇಲಿ ಒಂಚೂರು ಕೂತಿರ್ತೀಯಾ? ಮಿಲ್ಲಿಗೆ ಹೋಗ್ಯಾಳೆ, ಸಂಜಿಗೆ ಬರ್ತಾಳೆ ಅಂತ ಹೇಳು" ಎಂದಳು. ದೊಡ್ಡಕ್ಕ ಅದಕ್ಕೂ ಹೂಂ ಅಂದಳು.

ತಪಾಸಣೆಗೆ ಬಂದವಳು ಪುಷ್ಪಲತಾ ಎಂಬ ಕಚೇರಿಯ ಹುಡುಗಿ. ಕೆಲಸಕ್ಕೆ ಸೇರಿ ವರ್ಷ ಆಗಿತ್ತೋ ಇಲ್ಲವೋ. ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಉದ್ದನೆಯ ರಿಜಿಸ್ಟರು. ಬಾಗಿಲು ಬಾಗಿಲಿಗೂ ನಿಂತು ಹೆಸರು ಕೇಳಿ ಬರೆದುಕೊಳ್ಳುತ್ತಾ ಬರುತ್ತಿದ್ದಳು. ಹದಿನಾಲ್ಕಕ್ಕೆ ಬಂದಾಗ ದೊಡ್ಡಕ್ಕ ಒಲೆಯ ಮುಂದೆ ಕೂತಿದ್ದಳು. ಹೇಳಿಕೊಟ್ಟದ್ದನ್ನು ಹೇಳಿದಳು. ಪುಷ್ಪಲತಾ ಬರೆದುಕೊಂಡಳು. ದೊಡ್ಡಕ್ಕ ಹಿತ್ತಲಿನಿಂದ ಹೋಗಿ ಹದಿನೈದರಲ್ಲಿ ಸೆರಗೆಳೆದು ಕೂತಳು. ಬಾಗಿಲಲ್ಲಿ ನಿಂತ ಹುಡುಗಿ ಒಂದು ಕ್ಷಣ ತಡೆದು, "ನಿಮ್ಮನ್ನ ಎಲ್ಲೋ ನೋಡಿದೀನಿ ಅಜ್ಜಿ" ಎಂದಳು.

"ಇಲ್ಲೇ ಓಡಾಡ್ತಿರ್ತೀನಿ ತಾಯಿ" ಎಂದಳು ದೊಡ್ಡಕ್ಕ ಸೆರಗಿನೊಳಗಿಂದ.

ಪುಷ್ಪಲತಾ ನಾಲ್ಕನೇ ಸಾಲು ಮುಟ್ಟುವಾಗ ಬಿಸಿಲು ನೆತ್ತಿಗೇರಿತ್ತು. ಅರವತ್ತೊಂದರ ಹೊಸ್ತಿಲ ಬಳಿ ಬಂದು, ಒಳಗೆ ಕೂತಿದ್ದ ಅದೇ ಹೆಂಗಸನ್ನು, ಅದೇ ಬಳೆಗಳನ್ನು ನೋಡಿ, ಕೊಡೆ ಮಡಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಕುಡಿಯಾಕ್ ನೀರು ಕೊಡ್ತೀರಾ?" ಎಂದಳು.

ದೊಡ್ಡಕ್ಕ ಚೊಂಬು ಕೊಟ್ಟಳು. ಹುಡುಗಿ ಪೂರ್ತಿ ಕುಡಿದು, ಬಾಯೊರೆಸಿಕೊಂಡು, ಬೈಯದೆ, ಬೆದರಿಸದೆ ಕೇಳಿದಳು: "ಬೆಳಗ್ಗಿಂದ ಮೂರು ಮನೇಲಿ ಕಂಡ್ರಿ. ಇದರಾಗೆ ನಿಮ್ಮನೆ ಯಾವುದು?"

ಈ ಒಂದೂವರೆ ವರ್ಷದಲ್ಲಿ ಯಾರೂ ಅವಳನ್ನು ಹಾಗೆ ಕೇಳಿರಲಿಲ್ಲ. ಕಾರ್ಡು ಕೇಳಿದ್ದರು, ಊರು ಕೇಳಿದ್ದರು, ಗಂಡನ ಹೆಸರು ಕೇಳಿದ್ದರು. ದೊಡ್ಡಕ್ಕ ಬಾಯಿ ತೆರೆದಳು. ಹೇಳಿಕೊಟ್ಟ ಮಾತು ಬರುತ್ತದೆ ಅಂದುಕೊಂಡಿದ್ದಳು, ಬರಲಿಲ್ಲ.

"ಒಂದೂ ಇಲ್ಲ ತಾಯಿ. ಎಲ್ಲದರಾಗೂ ಮಲಗೀನಿ, ಒಂದೂ ನಂದಲ್ಲ."

ಆಮೇಲೆ ಅವಳು ನಿಲ್ಲಿಸಲಿಲ್ಲ. ಗೋಡೆಗೆ ನೀರು ಹಾಕಿದ್ದು, ಏಳನೇ ಮನೆಗೆ ಅವ್ವ ಬಂದಿದ್ದು, ಪೇಟೆಯವರು ಊರಿಗೂ ಊರಿನವರು ಪೇಟೆಗೂ ಕಳಿಸಿದ್ದು, ಮಗಳ ಬಸುರು, ಕೈಗೆ ಬಂದ ಬೀಗದ ಕೈ. ಹದಿನಾಲ್ಕು ಹದಿನೈದರ ನಿಜವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ, ಧೂಳಿನಲ್ಲಿ ನಿಂತಿದ್ದ ಆ ಮಂಚ ಒಂದೊಂದೇ ಕಾಲು ಮಡಿಸಿ ಕೂತು ಮಾಯವಾಗುವುದು ಅವಳಿಗೆ ಕಾಣಿಸಿತು. ಆದರೂ ನಿಲ್ಲಿಸಲಿಲ್ಲ.

"ಈ ಮನೆ?" ಎಂದಳು ಪುಷ್ಪಲತಾ.

"ಇದು ಸುಳ್ಳಲ್ಲ. ನಿಂಗಕ್ಕಂದೇ. ಆರಕ್ಕೆ ಮಿಲ್ಲಿಗೆ ಹೋಗ್ಬೇಕು, ಎಂಟರತನಕ ಬಸ್ಸಿಲ್ಲ, ನಲ್ಲೀಲಿ ನೀರಿಲ್ಲ. ಒಂಟಿ ಹೆಂಗಸು, ಈ ಬಯಲಾಗೆ ಹೆಂಗ್ ಇದ್ದಾಳು? ಅಂಗಡಿ ಇರೋರ ಬೀಗಾನೂ ಇವಳ ಬೀಗಾನೂ ಒಂದೇ ಅಂತ ಬರಕಬೇಡ ತಾಯಿ."

ಪುಷ್ಪಲತಾ ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಅರವತ್ತೊಂದರ ಹಾಳೆ ತೆರೆದಳು. ಅವಳಿಗೂ ಚಳ್ಳಕೆರೆಯಲ್ಲಿದ್ದದ್ದು ಬಾಡಿಗೆಯ ಒಂದು ಕೋಣೆ. ಕೊನೆಗೆ, "ಒಂದು ತಿಂಗಳು ಟೈಮ್ ಬರೀತೀನಿ. ಅಷ್ಟರಾಗೆ ಅವರು ಇಲ್ಲಿಗೆ ಬಂದಿರಬೇಕು. ನೀರಿಂದೂ ಬಸ್ಸಿಂದೂ ಬರೆದು ಮೇಲಕ್ಕೆ ಕಳಿಸ್ತೀನಿ, ಆಗ್ತೈತೋ ಇಲ್ಲವೋ ನಂಗೆ ಗೊತ್ತಿಲ್ಲ" ಎಂದಳು. ಎದ್ದು ಹೊರಟವಳು ತಿರುಗಿ, "ನಿಮ್ಮ ಹೆಸರು?" ಎಂದು ಕೇಳಿ ಬರೆದುಕೊಂಡಳು. ರಿಜಿಸ್ಟರಿನ ಯಾವ ಕಾಲಮ್ಮಿನಲ್ಲಿ ಬರೆದಳೋ ದೊಡ್ಡಕ್ಕನಿಗೆ ತಿಳಿಯಲಿಲ್ಲ.

ಹತ್ತು ದಿನಕ್ಕೆ ಸೋಮಶೇಖರಪ್ಪನಿಗೆ ಎರಡು ನೋಟೀಸು ಹೋದವು. ಅವನು ಬಂದು ಕೂಗಾಡಲಿಲ್ಲ. ಮುರುಗೇಂದ್ರಪ್ಪನ ಕಿವಿಯಲ್ಲಿ ಏನೋ ಹೇಳಿ ಹೋದ. ಮರುದಿನ ಮೇಸ್ತ್ರಿ ಬಂದು, ನೆಲ ನೋಡುತ್ತಾ, "ಕಾವಲು ಕೆಲಸ ಮುಗೀತು ದೊಡ್ಡಕ್ಕ. ತಾಡಪಾಲು ಬಿಚ್ಚಬೇಕಂತೆ. ನಾನೇನ್ ಮಾಡ್ಲಿ, ಹೊಟ್ಟೆಪಾಡು" ಎಂದ.

ಅವಳು ತಾಡಪಾಲು ಬಿಚ್ಚಿ ಮಡಿಸಿದಳು. ಅದರ ಕೆಳಗಿದ್ದ ನೆಲ ಸುತ್ತಲ ನೆಲಕ್ಕಿಂತ ಕಪ್ಪಗಿತ್ತು. ಗಂಟು ತಲೆಯ ಮೇಲಿಟ್ಟು ಪೇಟೆಗೆ ನಡೆದು, ಎಣ್ಣೆ ಮಿಲ್ಲಿನ ಗೇಟಿನ ಹತ್ತಿರ ನಿಂಗಕ್ಕನಿಗಾಗಿ ಕಾದಳು. ನಡೆದದ್ದನ್ನೆಲ್ಲ ಹೇಳಿದಳು. "ನಿನ್ನ ಮನೆ ಉಳೀತು, ಒಂದು ತಿಂಗಳಾಗೆ ಬರಬೇಕಂತೆ" ಎಂದಳು. ತಾನೆಲ್ಲಿಗೆ ಹೋಗುತ್ತೇನೆ ಎಂಬುದನ್ನು ಹೇಳಲಿಲ್ಲ, ಅವಳಿಗೂ ಗೊತ್ತಿರಲಿಲ್ಲ.

ನಿಂಗಕ್ಕ ಕೂದಲಿಗಂಟಿದ ಶೇಂಗಾ ಸಿಪ್ಪೆ ತೆಗೆಯುತ್ತಾ, "ಒಬ್ಬಳೇ ಇರಾಕೆ ಭಯ ಅಂತಲೇ ಬರಲಿಲ್ಲ ಕಣೇ ನಾನು. ಬಸ್ಸಿಂದು ನೆಪ. ನಡ್ಕಂಡ್ ಹೋಗಾಕ್ ಕಾಲಿಲ್ವಾ? ಕತ್ತಲಾಗೆ ಎದ್ದು ಹೋಗಾವಾಗ ಬಾಗಿಲಾಗೆ ಒಬ್ರು ನಿಂತು ಹುಷಾರು ಅಂದ್ರೆ ಸಾಕು. ನೀನು ಬಾ" ಎಂದಳು.

"ನಾನು ಬಂದ್ರೆ ಮಗಳೂ ಬರ್ತಾಳೆ. ಕೂಸೂ ಬರ್ತೈತೆ."

"ಬರ್ಲಿ. ನಂಗಂತೂ ಒಂದೂ ಉಳೀಲಿಲ್ಲ. ಅಳೋ ಸದ್ದಾದ್ರೂ ಕೇಳಿಸ್ಲಿ."

ಹೀಗೆ ಅರವತ್ತೊಂದನೇ ಮನೆಯಲ್ಲಿ ಇಬ್ಬರು ಹೆಂಗಸರು ಸೇರಿಕೊಂಡರು. ತಿಂಗಳ ಮೇಲೆ ಮತ್ತೆ ಬಂದ ಪುಷ್ಪಲತಾ ರಿಜಿಸ್ಟರಿನಲ್ಲಿ, "ವಾಸ: ನಿಂಗಕ್ಕ, ದೊಡ್ಡಕ್ಕ" ಎಂದು ಬರೆದು, ಆ ಸಾಲಿನ ನಕಲನ್ನು ಮೊಹರು ಹಾಕಿ ಕೊಟ್ಟಳು. ಆ ಕಾಗದದ ಮೇಲೆ ದೊಡ್ಡಕ್ಕನಿಗೆ ಪೇಟೆಯ ಕಾರ್ಡು ಆಯಿತು. ಕಾರ್ಡಿನ ಮೇಲೆ ಮುಂದಿನ ಮನೆಗಳಿಗೆ ಅರ್ಜಿಯಾಯಿತು. ಮೂರು ವರ್ಷ ಕಾಯಬೇಕು, ಆಮೇಲೂ ಅವಳ ಮುಂದೆ ಮುನ್ನೂರ ಎಂಬತ್ತೇಳು ಹೆಸರುಗಳಿದ್ದವು.

ಸೋಮಶೇಖರಪ್ಪನ ಕೈ ಬಿಟ್ಟ ಹದಿನಾಲ್ಕನೇ ಮನೆ ಪಟ್ಟಿಯಲ್ಲಿ ಮುಂದಿದ್ದ ಜೋಗಮ್ಮನಿಗೆ ಹೋಯಿತು. ಬಸ್‌ಸ್ಟ್ಯಾಂಡಿನಲ್ಲಿ ಸೀಬೆಹಣ್ಣು ಮಾರುವವಳು, ಐದು ಜನರ ಸಂಸಾರ, ಒಂಬತ್ತು ವರ್ಷದಿಂದ ಅರ್ಜಿ ಹಾಕುತ್ತಿದ್ದವಳು. ಅವಳು ಹಾಲು ಉಕ್ಕಿಸುವ ದಿನ ದೊಡ್ಡಕ್ಕನನ್ನೂ ಕರೆದಳು. ದೊಡ್ಡಕ್ಕ ಹೋದಳು, ಕುಂಕುಮ ಹಚ್ಚಿಸಿಕೊಂಡಳು, ಮೂಡಣ ಮೂಲೆಯಲ್ಲಿ ಜೋಗಮ್ಮನ ಅಕ್ಕಿ ಡಬ್ಬಗಳನ್ನು ನೋಡಿದಳು. ಇವಳಿಗೆ ಬಂದದ್ದು ನ್ಯಾಯವೇ ಎಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಎದೆಯೊಳಗೆ ಒಂದು ಮುಳ್ಳು ಆಡಿತು. ಈ ಗೋಡೆಗೆ ನೀರು ಕುಡಿಸಿದ್ದು ನಾನು ಎಂದು ಗಟ್ಟಿಯಾಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. "ಅಡುಗೆಮೂಲೆ ಕಿಟಕಿ ತೆರೆದೇ ಒಲೆ ಹಚ್ಚು, ಇಲ್ದಿದ್ರೆ ಹೊಗೆ ತುಂಬ್ತೈತೆ" ಎಂದು ಹೇಳಿ ಬಂದಳು.  

ಸ್ವಪ್ನ ಏಳು ತುಂಬಿದಾಗ ಬಂದಳು. ಕಾರ್ತಿಕದ ಕೊನೆಯಲ್ಲಿ ಪೇಟೆಯ ಆಸ್ಪತ್ರೆಯಲ್ಲಿ ಹೆಣ್ಣುಕೂಸು ಹೆತ್ತು, ಮೂರನೇ ದಿನ ಆಟೋದಲ್ಲಿ ಮನೆಗೆ ಬಂದಳು. ಹಿಂದಿನ ಕಿಟಕಿಯ ಹತ್ತಿರ ಮಂಚ ಹಾಕಿದರು. ಕೋಣೆ ಎಷ್ಟು ಸಣ್ಣದೆಂದರೆ ಒಬ್ಬರು ತಿರುಗಿದರೆ ಇನ್ನೊಬ್ಬರು ಏಳಬೇಕು. ನಿಂಗಕ್ಕ ಬೆಳಗಿನ ಜಾವ ಎದ್ದು ಕೂಸಿನ ಹಣೆ ಮುಟ್ಟಿ ಹೊರಡುವಳು, ದೊಡ್ಡಕ್ಕ ಬಾಗಿಲಲ್ಲಿ ನಿಂತು "ಹುಷಾರು" ಅನ್ನುವಳು. ಮಧ್ಯಾಹ್ನ ಕೂಸು ಮಲಗಿದಾಗ, ಬಾಣಂತಿಯ ಧೂಪದ ಹೊಗೆ ಕಿಟಕಿಯ ಬಿಸಿಲಲ್ಲಿ ಮೆಲ್ಲಗೆ ಮಗ್ಗುಲು ಬದಲಿಸುವುದನ್ನು ನೋಡುತ್ತಾ ದೊಡ್ಡಕ್ಕನಿಗೂ ಮತ್ತೆ ನಿದ್ದೆ ಬರತೊಡಗಿತು. ಆದರೆ ಕನಸು ಬರುತ್ತಿರಲಿಲ್ಲ.

ಮಾರ್ಗಶಿರದಲ್ಲಿ ಪಾತಣ್ಣ ಬಂದ. ಮಂದೆಯನ್ನು ಜೊತೆಯವರ ವಶಕ್ಕೆ ಹುಲ್ಲುಗಾವಲಿನಲ್ಲಿ ಬಿಟ್ಟು, ಡ್ರಮ್ಮಿದ್ದ ಜಾಗದಲ್ಲಿ ಗುಡಾರ ಕಾಣದೆ, ಅವರಿವರನ್ನು ಕೇಳಿಕೊಂಡು ನಾಲ್ಕನೇ ಸಾಲಿಗೆ ಬಂದ. ಬಾಗಿಲು ಎತ್ತರವಿದ್ದರೂ ಅಭ್ಯಾಸಬಲದಿಂದ ಸೊಂಟ ಬಗ್ಗಿಸಿದ. ಹೊಸ್ತಿಲಲ್ಲೇ ನಿಂತ. ಬಾಣಂತಿ ಇರುವ ಕಡೆ ಗಂಡಸು ಕಾಲಿಡುವ ಪದ್ಧತಿ ಅವನ ಹಟ್ಟಿಯಲ್ಲಿರಲಿಲ್ಲ.

"ಒಳಗೆ ಬಾ" ಎಂದಳು ದೊಡ್ಡಕ್ಕ.

"ಬರಬೌದಾ?"

"ಇದು ಹಟ್ಟಿ ಅಲ್ಲ. ಬಾ."

ಅವನು ಕೋಲನ್ನು ಹೊರಗೆ ಗೋಡೆಗೆ ಒರಗಿಸಿ, ನೀರು ತರಿಸಿಕೊಂಡು ಕಾಲು ತೊಳೆದು, ಒಳಗೆ ಬಂದು ಗೋಡೆಗಂಟಿ ಕೂತ. ಚಾವಣಿಯನ್ನು ಒಂದೆರಡು ಸಲ ಅನುಮಾನದಿಂದ ನೋಡಿದ. ದೊಡ್ಡಕ್ಕ ನಡೆದದ್ದೆಲ್ಲ ಹೇಳಿದಳು. ಮುನ್ನೂರ ಎಂಬತ್ತೇಳು ಎಂದಾಗ ಅವನು ಮನಸ್ಸಿನಲ್ಲೇ ಏನೋ ಲೆಕ್ಕ ಹಾಕಿ, "ಸಣ್ಣ ಗಂಡಿಯಾಗೆ ಅಷ್ಟು ಕುರಿ ದಾಟಬೇಕಂದ್ರೆ ಹೊತ್ತು ಹಿಡೀತೈತೆ. ಮುಂದಿಂದು ನಿಂತ್ರೆ ಮಾತ್ರ ಕಷ್ಟ" ಎಂದ. ಅದು ಸಮಾಧಾನವೋ ಏನೋ ತಿಳಿಯದೆ ದೊಡ್ಡಕ್ಕ ನಕ್ಕಳು. ಕೂಸನ್ನು ತಂದು ಅವನ ಕಂಬಳಿಯ ಮಡಿಲಲ್ಲಿಟ್ಟು, ಸ್ವಪ್ನಳ ಮೀಯುವ ನೀರಿಗೆ ಸೌದೆ ತರಲು ಹಿತ್ತಲಿಗೆ ಹೋದಳು. ಸ್ವಪ್ನ ನಿದ್ದೆಯಲ್ಲಿದ್ದಳು.

ಆ ಹೊತ್ತಿಗೆ ಸರಿಯಾಗಿ ನಿಂಗಕ್ಕ ಮಿಲ್ಲಿನಿಂದ ಬಂದಳು. ಬಾಗಿಲಲ್ಲಿ ಕೋಲು, ಒಳಗೆ ಧೂಳು ಹಿಡಿದ ರುಮಾಲಿನ, ಎಂದೂ ಕಾಣದ ಗಂಡಸು. ಅವಳು ಬುತ್ತಿಯ ಡಬ್ಬಿಯನ್ನು ಎದೆಗೆ ಅವುಚಿಕೊಂಡು ಹೊಸ್ತಿಲಲ್ಲೇ ನಿಂತು, ದನಿಯನ್ನು ಆದಷ್ಟೂ ಗಟ್ಟಿ ಮಾಡಿ ಕೇಳಿದಳು:

"ಯಾರಪ್ಪಾ ನೀನು? ಇದು ನನ್ನ ಮನೆ."

ಪಾತಣ್ಣ ಗಾಬರಿಯಿಂದ ಏಳಹೋದ. ಮಡಿಲಲ್ಲಿ ಕೂಸಿತ್ತು, ಏಳಲಾಗಲಿಲ್ಲ. ಊರು ಹೇಳಲೋ, ಹೆಸರು ಹೇಳಲೋ, ಯಾರ ಗಂಡನೆಂದು ಹೇಳಲೋ ತೋಚದೆ, ಎರಡೂ ಕೈಯಲ್ಲಿ ಕೂಸನ್ನು ಅವಳಿಗೆ ಕಾಣುವಂತೆ ಎತ್ತಿ ಹಿಡಿದ.

"ಇವಳ ತಾತ" ಎಂದ.